ಕೊಕ್ಕಡದ ಎತ್ತರದ ಹುಡುಗನ ಎಡಗಾಲು

ಶಾಂತಿಪ್ರಸಾದ ಅರಿಗರು ಯಾರನ್ನು ಕಂಡರೂ ಮೊದಲು ಕಾಲು ನೋಡುತ್ತಾರೆ, ಮುಖ ಆಮೇಲೆ. ಇದು ಮೂಡುಬಿದಿರೆ ಪೇಟೆಗೇ ಗೊತ್ತಿರುವ ವಿಷಯ. ಅವರ ಹಾರ್ಡ್‌ವೇರ್ ಅಂಗಡಿಗೆ ಕಾಲು ಕಿಲೋ ಮೊಳೆಗೆಂದು ಬಂದವನು ಮೊಳೆಯ ಜೊತೆಗೆ, "ನಿಮ್ಮ ಬಲದ ಚಪ್ಪಲಿ ಒಂದೇ ಬದಿ ಸವೆದಿದೆ, ಸೊಂಟ ಒಮ್ಮೆ ಯಾರಿಗಾದ್ರೂ ತೋರಿಸಿ" ಎಂಬ ಮಾತನ್ನೂ ಕಟ್ಟಿಸಿಕೊಂಡು ಹೋಗುತ್ತಾನೆ.

ಈ ಗುಣ ತಂದೆಯಿಂದ ಬಂದದ್ದು. ತಂದೆಯ ಕಾಲದಲ್ಲಿ ಮನೆಯಲ್ಲಿ ಕಂಬಳದ ಕೋಣಗಳಿದ್ದವು. ಕೋಣವನ್ನು ಅಳೆಯುವವರು ಕೊಂಬು ನೋಡಿ ಮರುಳಾಗುವುದಿಲ್ಲ. ಗೊರಸು ನೋಡುತ್ತಾರೆ, ಮೊಣಕಾಲು ನೋಡುತ್ತಾರೆ, ನಿಂತಾಗ ಯಾವ ಕಾಲಿಗೆ ಭಾರ ಕೊಡುತ್ತದೆಂದು ನೋಡುತ್ತಾರೆ. ಕೋಣಗಳು ಹೋದವು, ಕಣ್ಣು ಮಾತ್ರ ಹಾಗೆಯೇ ಉಳಿಯಿತು. ಮಡದಿ ಪದ್ಮಲತಾ ಈಗಲೂ ನೆಂಟರ ಎದುರು ಹೇಳಿ ನಗುತ್ತಾರೆ: "ನನ್ನನ್ನು ನೋಡ್ಲಿಕ್ಕೆ ಬಂದಾಗ ಇವರು ತಲೆಯೇ ಎತ್ತಲಿಲ್ಲ. ಎಷ್ಟು ನಾಚಿಕೆಯ ಹುಡುಗ ಅಂತ ನಮ್ಮ ಅಪ್ಪನಿಗೆ ಖುಷಿಯೋ ಖುಷಿ. ಕಾಲು ನೋಡ್ತಾ ಇದ್ರು ಅಂತ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ."

ಕೋಣ ಹೋದ ಮನೆಗೆ ಬಾಸ್ಕೆಟ್‌ಬಾಲ್ ಬಂದದ್ದು ಹೇಗೆಂದರೆ, ಅರಿಗರ ಕುಟುಂಬಕ್ಕೊಂದು ಅಕ್ಕಿ ಗಿರಣಿ ಇತ್ತು. ಗಿರಣಿ ನಿಂತಿತು. ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ಅಂಗಳ ಖಾಲಿ ಬಿತ್ತು. ತಮ್ಮನ ಮಗಳು ತ್ರಿಶಾ ಶಾಲೆಗೆ ಹೋಗುವಾಗ ಅಲ್ಲೊಂದು ಕಂಬ ನೆಟ್ಟು ಚೆಂಡು ಹಾಕುವ ಕಬ್ಬಿಣದ ಬಳೆ ಕಟ್ಟಿಸಿಕೊಂಡಳು. ಮೊದಲು ಅವಳೊಬ್ಬಳು, ಆಮೇಲೆ ಬೀದಿಯ ಮಕ್ಕಳೆಲ್ಲ ಸೇರಿದರು. ಈಗ ತ್ರಿಶಾ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಂ, ಮೂಡುಬಿದಿರೆ ತಂಡಕ್ಕೆ ಕೋಚ್. ದೊಡ್ಡಪ್ಪ ತಂಡದ ಯಜಮಾನ. ಜೆರ್ಸಿ ಹೊಲಿಸುವುದು, ಜೀಪು ಓಡಿಸುವುದು, ಬಾಳೆಹಣ್ಣು ಹಂಚುವುದು, ಕೊನೆಯ ಐದು ನಿಮಿಷದಲ್ಲಿ ಗಂಟಲು ಹರಿಯುವ ಹಾಗೆ ಬೊಬ್ಬೆ ಹೊಡೆಯುವುದು ಯಜಮಾನನ ಕೆಲಸ.

ಪಂದ್ಯಾಟದಲ್ಲಿ ತಂಡಗಳು ನಾಲ್ಕೇ: ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ, ವೇಣೂರು. ಪ್ರತಿ ವರ್ಷ ಒಂದೊಂದು ತಂಡ ಒಬ್ಬೊಬ್ಬ ಹೊಸ ಆಟಗಾರನನ್ನು ಸೇರಿಸಿಕೊಳ್ಳಬಹುದು. ಹಿಂದೆ ಇದಕ್ಕೆ ಹರಾಜು ನಡೆಯುತ್ತಿತ್ತು. ಒಂದು ವರ್ಷ ಇಬ್ಬರು ಯಜಮಾನರು ಹಣದ ಬದಲು ಕುರ್ಚಿ ಎತ್ತಿದ್ದರಿಂದ ಹರಾಜು ನಿಂತು ಚೀಟಿ ಬಂತು. ಚೀಟಿ ಎತ್ತಿದ ಸರದಿಯಂತೆ ಆಯ್ಕೆ. ಇನ್ನೊಂದು ನಿಯಮವೂ ಇತ್ತು: ಸತತ ಮೂರು ವರ್ಷ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಹೊರಗೆ ಹೋಗಬೇಕು, ಕಾದು ಕುಳಿತಿರುವ ವಿಟ್ಲದವರಿಗೆ ಜಾಗ ಬಿಡಬೇಕು.

ಮೂಡುಬಿದಿರೆ ಎರಡು ವರ್ಷ ಕೊನೆಗೇ ಬಿದ್ದಿತ್ತು.

ಆಸ್ತಿ ಹಂಚುವಾಗ ಆ ಅಂಗಳ ಪಡೆದಿದ್ದ ತ್ರಿಶಾಳ ತಂದೆ ಖಂಡಿತವಾಗಿ ಹೇಳಿಬಿಟ್ಟಿದ್ದರು: "ತಂಡ ಉಂಟು ಅಂತ ಅಂಗಳ ಬಿಟ್ಟಿದ್ದೇನೆ, ಅಣ್ಣ. ತಂಡ ಹೋದ ಮೇಲೆ ಅದು ಪಕ್ಕದ ಮದುವೆ ಹಾಲಿನವರಿಗೆ ಕಾರು ನಿಲ್ಲಿಸ್ಲಿಕ್ಕೆ. ಮಾತು ಕೊಟ್ಟಾಗಿದೆ." ಸಂಜೆ ಹೊತ್ತು ಚೆಂಡಿನ ಸದ್ದಿಲ್ಲದೆ, ಬರೀ ಕಾರುಗಳೇ ತುಂಬಿದ ಅಂಗಳವನ್ನು ನೆನೆದರೆ ಅರಿಗರಿಗೆ ಊಟ ಸೇರುತ್ತಿರಲಿಲ್ಲ.

ಈ ವರ್ಷ ಚೀಟಿ ಎತ್ತುವಾಗ ದೇವರು ಕಣ್ಣು ಬಿಟ್ಟ. ಮೊದಲ ಆಯ್ಕೆ ಮೂಡುಬಿದಿರೆಗೆ. ಎರಡನೆಯದು ಬಂಟ್ವಾಳಕ್ಕೆ, ಅಂದರೆ ವೆಂಕಟೇಶ್ವರ ಭಟ್ಟರಿಗೆ. ಭಟ್ಟರದು ಅಡುಗೆಯ ಕಂಟ್ರಾಕ್ಟು. ಎರಡು ವರ್ಷದಿಂದ ಟ್ರೋಫಿಯನ್ನು ತಮ್ಮ ಉಗ್ರಾಣದಲ್ಲಿ ಸಾಸಿವೆ ಡಬ್ಬಿಯ ಪಕ್ಕ ಇಟ್ಟುಕೊಂಡವರು.

"ಶಾಂತಣ್ಣ, ನೀವು ಯಾರನ್ನು ಬೇಕಾದ್ರೂ ತೆಕ್ಕೊಳ್ಳಿ," ಎಂದರು ಭಟ್ಟರು, ಹೆಗಲ ಮೇಲೆ ಕೈ ಹಾಕಿ. "ನೀವು ಬಿಟ್ಟವನೇ ನನಗೆ ಸಾಕು. ನಿಮಗೆ ಆರಿಸ್ಲಿಕ್ಕೆ ಬರುವುದಿಲ್ಲ ಅಂತ ನನಗೆ ಗೊತ್ತುಂಟಲ್ಲ."

ಆರಿಸಲು ಯೋಗ್ಯರಾದವರು ಇಬ್ಬರು. ಒಬ್ಬ ರಾಮಪ್ರಸಾದ್. ಬಂಟ್ವಾಳಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಉದ್ಯೋಗಿ, ಇಪ್ಪತ್ತೆಂಟರ ಪ್ರಾಯ, ಆರಡಿ ಎರಡಿಂಚು. ಅವನಿಗೆ ಜ್ವರ ಬಂದದ್ದನ್ನೂ ಯಾರೂ ಕಂಡಿರಲಿಲ್ಲ. ಪ್ರತಿ ಪಂದ್ಯಕ್ಕೂ ಇಷ್ಟು ಅಂಕ ಎಂದರೆ ಇಷ್ಟೇ, ಬ್ಯಾಂಕಿನ ಬಡ್ಡಿಯ ಹಾಗೆ. ಇನ್ನೊಬ್ಬ ಮನ್ವಿತ್, ಕೊಕ್ಕಡದವನು. ವಯಸ್ಸು ಹತ್ತೊಂಬತ್ತು, ಎತ್ತರ ಆರಡಿ ಒಂಬತ್ತಿಂಚು, ಇನ್ನೂ ಬೆಳೆಯುತ್ತಿದ್ದಾನೆಂದು ಸುದ್ದಿ. ಅಷ್ಟು ಎತ್ತರದವರು ಸಾಮಾನ್ಯವಾಗಿ ಏಣಿಯ ಹಾಗೆ ಬಿಗಿಯಾಗಿರುತ್ತಾರೆ. ಇವನು ನೀರಿನಲ್ಲಿ ಮೀನು ತಿರುಗಿದ ಹಾಗೆ ತಿರುಗುತ್ತಾನೆ. ಆದರೆ ಹೋದ ವರ್ಷ ಎಡಪಾದದ ಒಂದು ಸಣ್ಣ ಎಲುಬು ಬಿರುಕು ಬಿಟ್ಟು ಅರ್ಧ ವರ್ಷ ಮನೆಯಲ್ಲಿ ಕೂತವನು.

ತ್ರಿಶಾ ದೊಡ್ಡಪ್ಪನನ್ನು ಫಿಸಿಯೋಥೆರಪಿಯ ಫಾಯಿಝಾಳ ಬಳಿ ಕರೆದುಕೊಂಡು ಹೋದಳು. ಆಯ್ಕೆಯ ಪಟ್ಟಿಯಲ್ಲಿರುವ ಹುಡುಗರ ಸ್ಕ್ಯಾನುಗಳನ್ನೆಲ್ಲ ನೋಡುವವಳು ಅವಳೇ.

"ಎಲುಬು ಕೂಡಿದೆ," ಎಂದಳು ಫಾಯಿಝಾ. "ಚೆನ್ನಾಗಿಯೇ ಕೂಡಿದೆ. ಆದ್ರೆ ಆ ಎಲುಬಿಗೆ ರಕ್ತ ಹೋಗುವುದೇ ಕಡಿಮೆ. ಇಷ್ಟು ಉದ್ದದ, ಭಾರದ ಹುಡುಗರಿಗೆ ಅದೇ ಜಾಗದಲ್ಲಿ ಪುನಃ ಬಿರುಕು ಬರುವುದುಂಟು. ಹತ್ತರಲ್ಲಿ ಇಬ್ಬರಿಗೋ ಮೂವರಿಗೋ."

"ಈ ಹುಡುಗ ಆ ಇಬ್ಬರಲ್ಲಿ ಬರ್ತಾನಾ, ಉಳಿದವರಲ್ಲಿ ಬರ್ತಾನಾ? ಅದು ಹೇಳು ನೀನು."

"ಅದು ಹೇಳ್ಲಿಕ್ಕೆ ಗೊತ್ತಿದ್ರೆ ನಾನು ಇಲ್ಲಿ ಎಲ್ಲರ ಮೊಣಕಾಲು ತಿಕ್ಕಿಕೊಂಡು ಯಾಕೆ ಕೂತಿರ್ತೇನೆ ಸಾಹುಕಾರ್ರೆ? ಒಂದು ಮಾತ್ರ ಹೇಳ್ತೇನೆ. ಈ ವರ್ಷ ಅರ್ಧ ಪಂದ್ಯಕ್ಕಿಂತ ಹೆಚ್ಚು ಆಡಿಸ್ಬಾರ್ದು. ನಾಲ್ಕು ಪಾಲಿನಲ್ಲಿ ಎರಡು ಪಾಲು, ಅಷ್ಟೇ. ಹಾಗೆ ಆಡಿದ್ರೆ ಎರಡು ವರ್ಷದಲ್ಲಿ ಕಾಲು ಗಟ್ಟಿ ಆಗ್ತದೆ."

ಎರಡು ವರ್ಷ. ಅರಿಗರ ಕೈಯಲ್ಲಿ ಇದ್ದದ್ದು ಒಂದೇ ವರ್ಷ.

ಮರುದಿನ ಲಾಯಿಲದ ಮೈದಾನದಲ್ಲಿ ಹುಡುಗರ ಅಭ್ಯಾಸವಿತ್ತು, ಎಲ್ಲ ತಂಡದವರೂ ನೋಡಲು ಬಂದಿದ್ದರು. ಮನ್ವಿತ್ ಅಂಗಳಕ್ಕಿಳಿದದ್ದೇ ತ್ರಿಶಾಳ ಮುಖ ಬಾಡಿತು. ಎಡಪಾದಕ್ಕೆ ದಪ್ಪ ಪಟ್ಟಿ. ಹುಡುಗ ನಾಲ್ಕು ಸಲ ಚೆಂಡು ಹಾಕಿದ, ನಾಲ್ಕೂ ಬಳೆಯೊಳಗೆ ಬಿತ್ತು. ಆಮೇಲೆ ಎಡಗಾಲು ಎಳೆಯುತ್ತ ಬಂದು ಬೆಂಚಿನಲ್ಲಿ ಕೂತ.

"ಪುನಃ ನೋವು ಶುರುವಾಗಿದೆ ಕಾಣ್ತದೆ ದೊಡ್ಡಪ್ಪ. ಬೇಡ. ರಾಮಪ್ರಸಾದನೇ ಆಗ್ಬಹುದು ನಮಗೆ."

ಆದರೆ ದೊಡ್ಡಪ್ಪನ ಮುಖದಲ್ಲಿ ನಗು. "ಮಾರಾಯ್ತಿ, ಇದು ನಾಟಕ! ಪಟ್ಟಿ ನೋಡು, ಎಷ್ಟು ದೊಡ್ಡದು. ನಿಜವಾದ ನೋವಿಗೆ ಇಷ್ಟು ದೊಡ್ಡ ಪಟ್ಟಿ ಯಾರು ಕಟ್ತಾರೆ?"

ಅವರಿಗೆ ತಂದೆಯ ಕೊಟ್ಟಿಗೆ ನೆನಪಾಗಿತ್ತು. ಕಂಬಳದ ವಾರ ಬೇರೆ ಮನೆಯವರು 'ಸುಮ್ಮನೆ ಈ ಕಡೆ ಬಂದದ್ದು' ಎನ್ನುತ್ತ ಕೋಣ ನೋಡಲು ಬರುತ್ತಿದ್ದರು. ಆಗ ತಂದೆ ಒಳ್ಳೆಯ ಕೋಣದ ಕಾಲಿಗೆ ಅರಸಿನ ಬಳಿದ ಬಟ್ಟೆ ಸುತ್ತಿಸುತ್ತಿದ್ದರು. ನಿಜವಾಗಿ ಕುಂಟುವ ಕೋಣ ಬರಿಗಾಲಲ್ಲಿ ಮೂಲೆಯಲ್ಲಿ ಹುರುಳಿ ತಿನ್ನುತ್ತ ನಿಂತಿರುತ್ತಿತ್ತು. ಬಂದವರು ಮನಸ್ಸಿನಲ್ಲೇ ನಕ್ಕುಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು. ಆ ಕಾಲದವರು ಪಟ್ಟಿ ಕಂಡರೆ ಕಾಲನ್ನು ಸಂಶಯಪಡುತ್ತಿರಲಿಲ್ಲ, ಕಟ್ಟಿದವನನ್ನು ಸಂಶಯಪಡುತ್ತಿದ್ದರು.

"ಇದು ಭಟ್ರ ಕೆಲಸ," ಎಂದರು ಅರಿಗರು. "ಆ ಹುಡುಗನ ಅಮ್ಮನ ತವರು ಪೊಳಲಿ. ಭಟ್ರದ್ದೂ ಪೊಳಲಿಯೇ. ನಾವು ಹೆದರಿ ಬಿಡ್ಬೇಕು, ಅವರು ಎತ್ತಿಕೊಳ್ಬೇಕು. ನನಗೆ ಗೊತ್ತಿಲ್ವಾ ಇದೆಲ್ಲ?"

"ದೊಡ್ಡಪ್ಪ, ಅವನು ಕೋಣ ಅಲ್ಲ."

"ಕೋಣಕ್ಕೆ ಪಾಪ ಇಷ್ಟು ನಾಟಕ ಎಲ್ಲಿ ಬರ್ತದೆ?"

ಕೋಣವನ್ನು ಸರಿಯಾಗಿ ನೋಡಬೇಕಾದರೆ ಅದಕ್ಕೆ ಗೊತ್ತಾಗದ ಹಾಗೆ ನೋಡಬೇಕು, ಬೆಳಿಗ್ಗೆ ನೀರಿಗೆ ಹೋಗುವಾಗ. ಆದಿತ್ಯವಾರ ಬೆಳಿಗ್ಗೆಯೇ ಅರಿಗರು ತ್ರಿಶಾಳನ್ನು ಕೂರಿಸಿಕೊಂಡು ಕೊಕ್ಕಡಕ್ಕೆ ಜೀಪು ಬಿಟ್ಟರು. ಹುಡುಗ ದಿನಾ ಹಾಲು ಕೊಡಲು ಡೈರಿಗೆ ಬರುತ್ತಾನೆಂದು ವಿಚಾರಿಸಿಟ್ಟಿದ್ದರು. ತ್ರಿಶಾ ನಾಚಿಕೆಯಾಗುತ್ತದೆಂದು ಹೋಟೆಲಿನೊಳಗೆ ಹೋಗಿ ಬನ್ಸ್ ತಿನ್ನುತ್ತ ಕೂತಳು. ಅರಿಗರು ಬಸ್‌ಸ್ಟಾಂಡಿನ ಹಿಂದಿನ ಮೋಟು ಗೋಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತರು.

ಹುಡುಗ ಬಂದ. ಎರಡು ಕೈಯಲ್ಲಿ ಎರಡು ಹಾಲಿನ ಕ್ಯಾನು, ಕಾಲಲ್ಲಿ ಹವಾಯಿ ಚಪ್ಪಲಿ. ಪಟ್ಟಿಯೂ ಇಲ್ಲ, ಕುಂಟೂ ಇಲ್ಲ. ಏರು ದಾರಿಯನ್ನು ಸರಾಗವಾಗಿ ಹತ್ತಿದ. ಎಡಗಾಲು ಬಲಗಾಲಿನಷ್ಟೇ ಧೈರ್ಯವಾಗಿ ನೆಲಕ್ಕೆ ಊರುತ್ತಿತ್ತು. ಅರಿಗರಿಗೆ ಚಪ್ಪಾಳೆ ತಟ್ಟುವಷ್ಟು ಸಂತೋಷ. ಇನ್ನೂ ಸ್ವಲ್ಪ ತಗ್ಗಿ ಕೂತರು. ಆದರೆ ಅಷ್ಟು ಎತ್ತರದವನಿಂದ ಅಡಗುವಾಗ ಮೇಲಿನಿಂದಲೂ ಮರೆ ಬೇಕೆಂಬುದು ಅವರಿಗೆ ಹೊಳೆದಿರಲಿಲ್ಲ. ಗೋಡೆಯ ಆಚೆಯಿಂದ ಒಂದು ತಲೆ ಬಗ್ಗಿ ಅವರನ್ನೇ ನೋಡಿತು.

"ಬಿದ್ದಿರಾ ಅಂಕಲ್? ಎತ್ಬೇಕಾ?"

"ಇಲ್ಲ… ಕೀ ಬಿತ್ತು. ಜೀಪಿನದ್ದು."

"ಮೂಡುಬಿದಿರೆಯವರಲ್ವಾ ನೀವು? ಲಾಯಿಲಕ್ಕೆ ಬಂದಿದ್ರಿ." ಹುಡುಗ ಒಮ್ಮೆ ಪಟ್ಟಿಯಿಲ್ಲದ ತನ್ನ ಎಡಪಾದ ನೋಡಿಕೊಂಡ, ಒಮ್ಮೆ ಅರಿಗರ ಮುಖ ನೋಡಿದ. ಇಬ್ಬರೂ ಸಿಕ್ಕಿಬಿದ್ದಿದ್ದರು. "ಮನೆಗೆ ಬನ್ನಿ," ಎಂದ ಕೊನೆಗೆ. ಅರಿಗರು ಹೋಟೆಲಿನಿಂದ ತ್ರಿಶಾಳನ್ನೂ ಕರೆದುಕೊಂಡು ಹೊರಟರು.

ಮನ್ವಿತ್‌ನ ತಾಯಿ ತ್ರಿಪುರಸುಂದರಿ ಶಾಲೆಯ ಟೀಚರು. ಮಾತು ಕಡಿಮೆ, ನೋಟ ಜಾಸ್ತಿ. ಕಾಫಿ ಬಂತು, ಹಲಸಿನ ಹಪ್ಪಳ ಬಂತು. ಅರಿಗರು ಹಪ್ಪಳ ಮುರಿದು ನೇರವಾಗಿ ಕೇಳಿಯೇಬಿಟ್ಟರು.

"ಪಟ್ಟಿ ಕಟ್ಟಿ ಕುಂಟ್ಲಿಕ್ಕೆ ಯಾರು ಹೇಳಿಕೊಟ್ಟದ್ದು? ಭಟ್ರಲ್ವಾ?"

"ಯಾವ ಭಟ್ರು?" ಎಂದರು ಟೀಚರು. "ಈ ಮನೆಯಲ್ಲಿ ಇರುವವರೆಲ್ಲ ಭಟ್ರೇ."

"ವೆಂಕಟೇಶ್ವರ ಭಟ್ರು. ಬಂಟ್ವಾಳದವರು."

"ಅವರನ್ನು ನಾನು ಕಂಡದ್ದು ನಮ್ಮ ಚಿಕ್ಕಮ್ಮನ ಮಗನ ಉಪನಯನದಲ್ಲಿ. ಪಾಯಸಕ್ಕೆ ಬೆಲ್ಲ ಕಡಿಮೆ ಹಾಕಿದ್ರು. ಮತ್ತೆ ನಾವು ಮಾತಾಡ್ಲಿಲ್ಲ."

ತ್ರಿಶಾ ಸೆರಗಿಲ್ಲದ್ದಕ್ಕೆ ಕೈಯಿಂದಲೇ ಬಾಯಿ ಮುಚ್ಚಿ ನಕ್ಕಳು. ಅರಿಗರ ಲೆಕ್ಕಾಚಾರವೆಲ್ಲ ಹಪ್ಪಳದ ಹಾಗೆ ಪುಡಿಯಾಯಿತು.

"ಪಟ್ಟಿ ನಾನೇ ಕಟ್ಟಿದ್ದು," ಎಂದ ಮನ್ವಿತ್, ಬಾಗಿಲ ದಾರಂದಕ್ಕೆ ತಲೆ ತಾಗದ ಹಾಗೆ ಕುತ್ತಿಗೆ ಓರೆ ಮಾಡಿ ನಿಂತು. "ಹೋದ ವರ್ಷ ಬೇರೆ ಕಡೆ ನನ್ನನ್ನು ಆಡಿಸಿದವರು ಇಡೀ ಪಂದ್ಯ ಆಡಿಸ್ತಿದ್ರು. ನೋಯ್ತದೆ ಅಂದ್ರೆ ಸ್ಪ್ರೇ ಹೊಡೀತಿದ್ರು. ಇನ್ನೊಂದು ಐದು ನಿಮಿಷ, ಇನ್ನೊಂದೇ ಐದು ನಿಮಿಷ ಅಂತ. ನನಗೆ ಇಲ್ಲ ಅನ್ಲಿಕ್ಕೆ ಬರುವುದಿಲ್ಲ ಅಂಕಲ್. ಪಟ್ಟಿ ಇದ್ರೆ ನಾನು ಹೇಳ್ಬೇಕು ಅಂತ ಇಲ್ಲ. ಅದೇ ಹೇಳ್ತದೆ."

"ಪಟ್ಟಿ ಕಂಡು ಯಾರೂ ತೆಕ್ಕೊಳ್ಳದಿದ್ರೆ?"

"ಅದೂ ಹೆದರಿಕೆ. ತೆಕ್ಕೊಂಡ್ರೂ ಹೆದರಿಕೆ."

ಟೀಚರು ಲೋಟ ಕೆಳಗಿಟ್ಟರು. "ಅರಿಗರೆ, ನಿಮಗೆ ಒಂದೇ ಪ್ರಶ್ನೆ. ನಿಮ್ಮ ತಂಡ ಸೋಲ್ತಾ ಉಂಟು. ಇವನು ಬೆಂಚಿನಲ್ಲಿ ಕೂತಿದ್ದಾನೆ. ಜನ ಬೊಬ್ಬೆ ಹಾಕ್ತಾರೆ. ಆಗ ನೀವು ಇವನನ್ನು ಕೂತಲ್ಲೇ ಬಿಡ್ತೀರಾ?"

ಅರಿಗರು 'ಬಿಡುತ್ತೇನೆ' ಎಂದು ಹೇಳಲು ಬಾಯಿ ತೆರೆದರು. ಆದರೆ ಪಂದ್ಯದ ಕೊನೆಯಲ್ಲಿ ತಾನು ಹೇಗಿರುತ್ತೇನೆಂಬುದು ಅವರಿಗೇ ಕಣ್ಣಮುಂದೆ ಬಂತು: ಮುಂಡು ಎತ್ತಿ ಕಟ್ಟಿ, ಗೆರೆ ದಾಟಿ ಒಳಗೆ ನುಗ್ಗಿ, ರೆಫ್ರಿ ಎರಡು ಸಲ ತೋಳು ಹಿಡಿದು ಕೂರಿಸಿದ ಯಜಮಾನ.

"ಗೊತ್ತಿಲ್ಲಮ್ಮ," ಎಂದರು. "ಸುಳ್ಳು ಯಾಕೆ ಹೇಳ್ಬೇಕು? ಆ ಹೊತ್ತಿಗೆ ನನ್ನ ತಲೆ ನನ್ನ ಹತ್ತಿರ ಇರುವುದಿಲ್ಲ."

ಟೀಚರು ಮೊದಲ ಸಲ ನಕ್ಕರು. "ಬೆಳ್ತಂಗಡಿಯವರು ಬಂದು 'ನಿಮ್ಮ ಮಗ ನಮ್ಮ ಮಗನ ಹಾಗೆ' ಅಂದ್ರು. ವೇಣೂರಿನವರೂ ಅದನ್ನೇ ಅಂದ್ರು. ಗೊತ್ತಿಲ್ಲ ಅಂದವರು ನೀವು ಒಬ್ಬರೇ. ತೆಕ್ಕೊಳ್ಳುವುದಾದ್ರೆ ಒಂದು ಕೆಲಸ ಮಾಡುವ. ಇವನನ್ನು ಯಾವಾಗ ಇಳಿಸುವುದು, ಯಾವಾಗ ಕೂರಿಸುವುದು ಅಂತ ಈ ಮೇಡಂ ಹೇಳ್ಲಿ. ನೀವು ಆ ವಿಷಯದಲ್ಲಿ ಬಾಯಿ ತೆರೀಬಾರ್ದು. ನಾನೂ ಬಂದು ಕೂತ್ಕೊಳ್ತೇನೆ."

ಹಿಂದಿರುಗುವಾಗ ಜೀಪು ಗುರುವಾಯನಕೆರೆ ದಾಟಿತು. ತ್ರಿಶಾಳೇ ಮಾತು ತೆಗೆದಳು.

"ಪೂರ್ತಿ ರಾಮಪ್ರಸಾದನಾ, ಅರ್ಧ ಮನ್ವಿತ್‌ನಾ? ಅಷ್ಟೇ ಅಲ್ವಾ ಪ್ರಶ್ನೆ?"

"ರಾಮಪ್ರಸಾದನನ್ನು ತೆಕ್ಕೊಂಡ್ರೆ ಈ ವರ್ಷ ಬಚಾವು ಆಗ್ಬಹುದು. ಬರುವ ವರ್ಷ ಬ್ಯಾಂಕಿನವರು ಅವನನ್ನು ಎಲ್ಲಿಗೆ ಎಸೀತಾರೋ ಏನೋ."

"ಮನ್ವಿತ್ ಅರ್ಧ ಆಡಿದ್ರೂ ಆ ಅರ್ಧದಲ್ಲಿ ನಮಗೆ ಎದುರು ಯಾರೂ ನಿಲ್ಲುವುದಿಲ್ಲ ದೊಡ್ಡಪ್ಪ. ಉಳಿದ ಅರ್ಧಕ್ಕೆ ನಮ್ಮ ಹುಡುಗರನ್ನು ನಾನು ತಯಾರು ಮಾಡ್ತೇನೆ. ಅರಿಹಂತ್ ಗಿಡ್ಡ ಇರ್ಬಹುದು, ಓಡ್ತಾನೆ. ಆದ್ರೆ ಕಾಲು ಪುನಃ ಹೋದ್ರೆ ಎರಡೂ ಇಲ್ಲ."

"ನಾವು ಬಿಟ್ರೆ ಭಟ್ರು ತೆಕ್ಕೊಳ್ತಾರೆ. ಭಟ್ರು ಆ ಹುಡುಗನನ್ನು ಮೊದಲಿಂದ ಕೊನೆವರೆಗೆ ಓಡಿಸ್ತಾರೆ. ಟ್ರೋಫಿ ಕಂಡ್ರೆ ಅವರಿಗೆ ಬೇರೆ ಏನೂ ಕಾಣುವುದಿಲ್ಲ."

"ನಿಮಗೆ ಕಾಣ್ತದಾ?"

ಅರಿಗರು ಗೇರು ಬದಲಿಸಿದರು. "ಅದನ್ನು ಟೀಚರು ಒಮ್ಮೆ ಕೇಳಿ ಆಗಿದೆ. ನೀನು ಪುನಃ ಕೇಳುವುದು ಬೇಡ."

ಆಯ್ಕೆ ನಡೆದದ್ದು ಬಿ.ಸಿ.ರೋಡಿನ ಒಂದು ಹಾಲಿನಲ್ಲಿ, ಅಡುಗೆ ಭಟ್ಟರದ್ದೇ. ಅರಿಗರು ಎದ್ದು ನಿಂತು "ಮನ್ವಿತ್, ಕೊಕ್ಕಡ" ಎಂದಾಗ ಹಿಂದಿನ ಸಾಲಿನಿಂದ ಒಂದು ನಗು ಶುರುವಾಗಿ ಮುಂದಿನ ಸಾಲಿನವರೆಗೆ ಬಂತು. ಲಾಯಿಲದಲ್ಲಿ ಹುಡುಗ ಕುಂಟಿದ್ದನ್ನು ಎಲ್ಲರೂ ಕಂಡಿದ್ದರು. ಭಟ್ಟರು ಬೇರೆ ಮಾತಿಲ್ಲದೆ ರಾಮಪ್ರಸಾದನನ್ನು ಎತ್ತಿಕೊಂಡರು. ಊಟಕ್ಕೆ ಕೂತಾಗ ಅರಿಗರ ಎಲೆಗೆ ತಾವೇ ಹೋಳಿಗೆ ಬಡಿಸಿದರು.

"ತಿನ್ನಿ ಶಾಂತಣ್ಣ. ಬರುವ ವರ್ಷ ನಿಮಗೆ ಇಲ್ಲಿ ಊಟ ಇಲ್ಲವಲ್ಲ. ಇನ್ನೊಂದು ಹಾಕ್ತೇನೆ."

"ಹಾಕಿ ಭಟ್ರೆ. ಪಾಯಸಕ್ಕೆ ಮಾತ್ರ ಬೆಲ್ಲ ನೋಡಿ ಹಾಕಿ. ಪೊಳಲಿ ಕಡೆ ಒಂದು ದೂರು ಉಂಟು."

ಪಂದ್ಯಾಟ ಶುರುವಾಯಿತು. ಹೇಳಿದ ಹಾಗೆ ಟೀಚರು ಪ್ರತಿ ಪಂದ್ಯಕ್ಕೂ ಬಂದರು. ಬೆಂಚಿನ ತುದಿಯಲ್ಲಿ ಕೂತು, ಮಡಿಲಲ್ಲಿ ಮಕ್ಕಳ ಉತ್ತರ ಪತ್ರಿಕೆ ಇಟ್ಟುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಚೆಂಡು ಹತ್ತಿರ ಬಂದರೆ ಕಾಲು ಮಡಚಿಕೊಳ್ಳುತ್ತಿದ್ದರು, ಅಷ್ಟೇ. ಮನ್ವಿತ್ ಮೊದಲನೆಯ ಪಾಲು ಆಡುತ್ತಿದ್ದ, ಮೂರನೆಯ ಪಾಲು ಆಡುತ್ತಿದ್ದ. ಅವನು ಇಳಿದಾಗ ಮೂಡುಬಿದಿರೆ ಮುಂದೆ ಹೋಗುತ್ತಿತ್ತು, ಕೂತಾಗ ಹಿಂದೆ ಬರುತ್ತಿತ್ತು. ಪಟ್ಟಿ ಎರಡನೆಯ ಪಂದ್ಯಕ್ಕೇ ಕಾಣೆಯಾಯಿತು. ಒಂದು ಗೆದ್ದರು, ಒಂದು ಸೋತರು. ಅರಿಗರು ಬಾಯಿಗೆ ಏಲಕ್ಕಿ ಹಾಕಿಕೊಂಡು ಹಲ್ಲು ಕಚ್ಚಿ ಕೂರುವುದನ್ನು ಕಲಿತರು.

ಕೊನೆಯ ಪಂದ್ಯ ಬಂಟ್ವಾಳದಲ್ಲಿ, ಬಂಟ್ವಾಳದ ಮೇಲೆಯೇ. ಬೆಳಿಗ್ಗೆ ವೇಣೂರಿನವರು ತಮ್ಮ ಪಂದ್ಯ ಸೋತಿದ್ದರು. ಅವರದ್ದೂ ಒಂದು ಗೆಲುವು, ಮೂಡುಬಿದಿರೆಯದ್ದೂ ಒಂದು. ಇಬ್ಬರಲ್ಲಿ ಒಬ್ಬರು ಕೊನೆ. ಅರಿಗರ ಮಟ್ಟಿಗೆ ಲೆಕ್ಕ ಸರಳವಾಗಿತ್ತು: ಗೆದ್ದರೆ ಅಂಗಳ ಉಳಿಯಿತು, ಸೋತರೆ ಅಂಗಳ ಹೋಯಿತು. ಕೋಣ ಓಡುವ ಕಂಬಳದ ಕರೆಯಲ್ಲಿ ಇರುವುದು ಎರಡೇ ಸಾಲು, ಮೂರನೆಯ ದಾರಿ ಅಂತ ಒಂದಿಲ್ಲ.

ಮೂರನೆಯ ಪಾಲು ಮುಗಿದಾಗ ಮೂಡುಬಿದಿರೆ ಮುಂದಿತ್ತು. ಮನ್ವಿತ್ ಬೆವರು ಒರೆಸುತ್ತ ಬಂದು ಕೂತ. ಆಮೇಲೆ ರಾಮಪ್ರಸಾದ ತನ್ನ ಬಡ್ಡಿ ವಸೂಲಿಗೆ ಹೊರಟ. ಎರಡು, ಎರಡು, ಮತ್ತೆ ಎರಡು. ಅಂತರ ಕರಗಿತು, ಸಮ ಆಯಿತು, ಬಂಟ್ವಾಳ ಮುಂದೆ ಹೋಯಿತು. ಡೋಲು ಹೊಡೆಯುವವರು ಎದ್ದು ನಿಂತರು. ಮೂಡುಬಿದಿರೆಯಿಂದ ಬಂದ ಜನ "ಮನ್ವಿತ್! ಮನ್ವಿತ್!" ಎಂದು ಕೂಗತೊಡಗಿದರು. ಭಟ್ಟರು ಆಚೆ ಬದಿಯಿಂದಲೇ ಕೈ ಬೀಸಿದರು: "ಶಾಂತಣ್ಣ, ಅಷ್ಟು ಉದ್ದದ ಹುಡುಗನನ್ನು ಬೆಂಚಿಗೆ ಚಂದಕ್ಕೆ ತಂದದ್ದಾ?"

ಆಗ ಮನ್ವಿತ್ ಅರಿಗರ ಕಡೆ ಬಗ್ಗಿ ಮೆಲ್ಲನೆ ಹೇಳಿದ: "ಅಂಕಲ್, ಕಾಲು ಏನೂ ನೋಯ್ತಾ ಇಲ್ಲ. ಐದು ನಿಮಿಷ. ನೀವು ಒಂದು ಮಾತು ಹೇಳಿದ್ರೆ ಮೇಡಂ ಇಳಿಸ್ತಾರೆ."

ಅರಿಗರ ನಾಲಿಗೆಯ ತುದಿಗೆ ಆ ಒಂದು ಮಾತು ಬಂದು ಕೂತಿತು. ಹೇಳಿದರೆ ಹುಡುಗ ಇಳಿಯುತ್ತಾನೆ. ಇಳಿದರೆ ಗೆಲ್ಲುತ್ತಾರೆ, ಬಹುಶಃ. ಹತ್ತರಲ್ಲಿ ಏಳೆಂಟು ಮಂದಿಗೆ ಏನೂ ಆಗುವುದಿಲ್ಲವಲ್ಲ. ಅವರು ಬೆಂಚಿನ ತುದಿಗೆ ನೋಡಿದರು. ಟೀಚರು ತಲೆ ಎತ್ತಿರಲಿಲ್ಲ. ಆದರೆ ಕೆಂಪು ಪೆನ್ನು ನಿಂತುಬಿಟ್ಟಿತ್ತು, ಒಂದು ಮಗುವಿನ ಉತ್ತರದ ಅರ್ಧದಲ್ಲಿ.

ಅರಿಗರು ಎದ್ದರು. ಮುಂಡು ಎತ್ತಿ ಕಟ್ಟಿದರು. ಎಲ್ಲರೂ ಅವರು ಅಂಗಳಕ್ಕೇ ನುಗ್ಗುತ್ತಾರೆಂದುಕೊಂಡರು. ರೆಫ್ರಿ ಎರಡು ಹೆಜ್ಜೆ ಈಚೆ ಬಂದೂಬಿಟ್ಟ. ಅವರು ತಿರುಗಿ, ಯಾರ ಮುಖವನ್ನೂ ನೋಡದೆ, ಬಾಯಿಯ ಮೇಲೆ ಟವೆಲು ಒತ್ತಿಕೊಂಡು ಗೇಟಿನಿಂದ ಹೊರಗೆ ನಡೆದರು.

ಹೊರಗೆ ಧರ್ಣಪ್ಪನ ಚುರುಮುರಿ ಗಾಡಿ. ಧರ್ಣಪ್ಪ ಈರುಳ್ಳಿ ಕೊಚ್ಚುತ್ತಿದ್ದ.

"ಏನು ಧಣಿ, ವಾಂತಿ ಬರ್ತದಾ? ಬಾಯಿ ಮುಚ್ಚಿಕೊಂಡು ಬಂದ್ರಿ."

"ಮಾತು ಬರ್ತದೆ ಮಾರಾಯ. ಅದಕ್ಕೇ ಮುಚ್ಚಿದ್ದು."

"ಒಳಗೆ ಎಂತ ಆಗ್ತಾ ಉಂಟು?"

"ಕೇಳ್ಬೇಡ. ಕೇಳಿದ್ರೆ ಪುನಃ ಒಳಗೆ ಹೋಗ್ತೇನೆ. ನೀನು ಈರುಳ್ಳಿ ಕೊಚ್ಚು. ಜೋರಾಗಿ ಕೊಚ್ಚು."

ಧರ್ಣಪ್ಪ ಜೋರಾಗಿ ಕೊಚ್ಚಿದ. ಆದರೂ ಸದ್ದು ಗೋಡೆ ಹಾರಿ ಬರುತ್ತಿತ್ತು. ಒಂದು ಬೊಬ್ಬೆ. ಡೋಲು. ಮತ್ತೊಂದು ಬೊಬ್ಬೆ, ಅದಕ್ಕಿಂತ ದೊಡ್ಡದು. ಬಂಟ್ವಾಳದವರದ್ದೇ. ಅರಿಗರು ಗಾಡಿಯ ಕಂಬ ಹಿಡಿದುಕೊಂಡರು. ಆಮೇಲೆ ಉದ್ದನೆಯ ಸೀಟಿ, ಅದರ ಬೆನ್ನಿಗೇ ಪಟಾಕಿ. ಪಟಾಕಿ ತಂದವರು ಭಟ್ಟರ ಕಡೆಯವರೆಂಬುದು ಗೊತ್ತಿದ್ದ ವಿಷಯ.

ಹೋಯಿತು. ಅಂಗಳ ಹೋಯಿತು. ವಿಚಿತ್ರವೆಂದರೆ, ಎದೆಯಲ್ಲಿ ನೋವಿತ್ತೇ ಹೊರತು ಪಶ್ಚಾತ್ತಾಪ ಇರಲಿಲ್ಲ. ಅವರು ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟರು.

"ಧರ್ಣಪ್ಪ, ಇರುವ ಚುರುಮುರಿ ಎಲ್ಲ ಕಟ್ಟು. ಸೋತ ಮಕ್ಕಳಿಗೆ ಹಸಿವು ಜಾಸ್ತಿ."

ಅಷ್ಟರಲ್ಲಿ ಗೇಟು ಒಡೆದುಕೊಂಡು ಬಂದ ಹಾಗೆ ಸೋತ ಮಕ್ಕಳು ಓಡಿಬಂದರು. ಕುಣಿಯುತ್ತಿದ್ದರು. ಅರಿಹಂತ್ ಅಂಗಿ ಬಿಚ್ಚಿ ಬೀಸುತ್ತಿದ್ದ.

"ನಾಚಿಕೆ ಆಗುವುದಿಲ್ವಾ ನಿಮಗೆ!" ಎಂದು ಅರಿಗರು ಗುಡುಗಿದರು. "ಸೋತು ಕುಣೀತೀರಾ?"

"ಸೋತದ್ದು ಮೂರೇ ಪಾಯಿಂಟಿನಲ್ಲಿ ದೊಡ್ಡಪ್ಪ!" ತ್ರಿಶಾ ಏದುಸಿರು ಬಿಡುತ್ತ ಬಂದಳು. "ವೇಣೂರಿನವರು ಬೆಳಿಗ್ಗೆ ದೊಡ್ಡ ಅಂತರದಲ್ಲಿ ಸೋತಿದ್ದಾರಲ್ಲ. ಗೆಲುವು ಸಮ ಆದ್ರೆ ಪಾಯಿಂಟಿನ ಅಂತರ ನೋಡ್ತಾರೆ. ನಾವು ಆರರೊಳಗೆ ಸೋತ್ರೂ ಸಾಕಿತ್ತು. ನಾವು ಮೂರನೆಯವರು. ವೇಣೂರು ಕೊನೆ, ಅವರು ಕೊನೆಗೆ ಬಿದ್ದದ್ದು ಇದು ಮೊದಲನೆಯ ವರ್ಷ, ಹಾಗಾಗಿ ಯಾರೂ ಹೊರಗೆ ಇಲ್ಲ!"

"ಹೀಗೊಂದು ನಿಯಮ ಉಂಟಾ? ನನಗೆ ಯಾರು ಹೇಳಿದ್ರು?"

"ಆಯ್ಕೆಯ ದಿನ ಹಾಲಿನಲ್ಲಿ ಎಲ್ಲರಿಗೂ ಹೇಳಿದ್ರು. ನೀವು ಹೋಳಿಗೆ ತಿನ್ತಾ ಇದ್ರಿ."

ಅರಿಗರು ಗಾಡಿಗೆ ಒರಗಿದರು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ನೀರು ಈರುಳ್ಳಿಯದ್ದು ಎಂದರು.

ತ್ರಿಶಾ ದನಿ ತಗ್ಗಿಸಿದಳು. "ಒಂದು ಹೇಳ್ಬೇಕು. ನೀವು ಹೋದ ಮೇಲೆ ಅಂತರ ಐದಕ್ಕೆ ಬಂತು ದೊಡ್ಡಪ್ಪ. ಇನ್ನೊಂದು ಬಾಸ್ಕೆಟ್ ಬಿದ್ದಿದ್ರೆ ಮುಗೀತು. ಮನ್ವಿತ್‌ನ ಹೆಸರು ನನ್ನ ಬಾಯಿಗೂ ಬಂದಿತ್ತು. ತಿರುಗಿ ನೋಡಿದ್ರೆ ಬೆಂಚಿನಲ್ಲಿ ನಿಮ್ಮ ಜಾಗ ಖಾಲಿ. ನೀವೇ ಎದ್ದು ಹೋದ ಮೇಲೆ ನಾನು ಹೇಗೆ ಕರೀಲಿ? ಅರಿಹಂತ್‌ನಿಗೆ ಚೆಂಡು ಹಿಡ್ಕೊಂಡು ಓಡು ಅಂದೆ. ಓಡಿ ಒಂದು ಹಾಕಿದ."

ವೆಂಕಟೇಶ್ವರ ಭಟ್ಟರು ಟ್ರೋಫಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. "ಶಾಂತಣ್ಣ, ಗೆದ್ದದ್ದು ನಾನು, ಕುಣಿಯುವುದು ನೀವು. ಇದು ಯಾವ ನ್ಯಾಯ?" ಎಂದವರು ಮನ್ವಿತ್‌ನನ್ನು ಬುಡದಿಂದ ತುದಿಯವರೆಗೆ ನೋಡಿದರು. "ಇವನಿಗೆ ಕಾಲು ಸರಿ ಉಂಟು ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ ಭಟ್ರೆ. ಈಗಲೂ ಗೊತ್ತಿಲ್ಲ."

ಟೀಚರು ಉತ್ತರ ಪತ್ರಿಕೆಗಳನ್ನು ಚೀಲಕ್ಕೆ ತುಂಬಿಸಿಕೊಂಡು ಕೊನೆಗೆ ಬಂದರು. ಅರಿಗರ ಕೈಯಿಂದ ಒಂದು ಪೊಟ್ಟಣ ತೆಗೆದುಕೊಂಡು, ತಿಂದು ನೋಡಿ, "ಖಾರ ಸರಿ ಉಂಟು," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ.

ಮನ್ವಿತ್ ಎರಡು ಪೊಟ್ಟಣ ಖಾಲಿ ಮಾಡಿ ಮೂರನೆಯದಕ್ಕೆ ಕೈ ಹಾಕಿದ್ದ. "ಅಂಕಲ್, ಬರುವ ವರ್ಷ ಮೂರು ಪಾಲು ಆಡ್ಬಹುದಾ ನಾನು?"

"ಅದು ಫಾಯಿಝಾಳ ಹತ್ತಿರ ಕೇಳು, ತ್ರಿಶಾಳ ಹತ್ತಿರ ಕೇಳು, ನಿನ್ನ ಅಮ್ಮನ ಹತ್ತಿರ ಕೇಳು," ಎಂದರು ಅರಿಗರು, ಧರ್ಣಪ್ಪನಿಗೆ ದುಡ್ಡು ಎಣಿಸುತ್ತ. "ನನ್ನ ಹತ್ತಿರ ಚುರುಮುರಿ ಮಾತ್ರ ಕೇಳು."